ಕಾಕ್‌ಪಿಟ್‌ಗೆ ಯಾವ ಟ್ಯಾಬ್ಲೆಟ್, ಯಾವ ಆ್ಯಪ್? ಫೀನಿಕ್ಸ್‌ಗೆ ಹೊರಟ ವಿದ್ಯಾರ್ಥಿಗೆ ಉತ್ತರ

ಪ್ರಶ್ನೆ: "ನಾನು ಹುಬ್ಬಳ್ಳಿಯವನು. ಮೇ ತಿಂಗಳಲ್ಲಿ ಪೈಲಟ್ ತರಬೇತಿಗೆ ಅಮೆರಿಕದ ಫೀನಿಕ್ಸ್‌ಗೆ ಹೋಗುತ್ತಿದ್ದೇನೆ. ಸೆಸ್ನಾ 172 ವಿಮಾನದಲ್ಲಿ ತರಬೇತಿ. ಶಾಲೆಯವರು ಕಳಿಸಿದ ಪಟ್ಟಿಯಲ್ಲಿ 'ಐಪ್ಯಾಡ್, ಫೋರ್‌ಫ್ಲೈಟ್' ಅಂತ ಇದೆ, ಯಾವ ಮಾಡೆಲ್ ಅಂತ ಇಲ್ಲ. ಸೀನಿಯರ್ ಒಬ್ಬರು 13 ಇಂಚಿನ ಪ್ರೊ ತಗೋ ಅನ್ನುತ್ತಾರೆ. ಅಣ್ಣನ ಹತ್ತಿರ 9ನೇ ತಲೆಮಾರಿನ ವೈಫೈ ಐಪ್ಯಾಡ್ ಸುಮ್ನೆ ಬಿದ್ದಿದೆ, ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡರೆ ಅದೇ ಸಾಕು ಅಂತ ಅವನ ವಾದ. ನನ್ನ ಫೋನ್ ಆಂಡ್ರಾಯ್ಡ್. ಅಪ್ಪ ಸಾಲ ಮಾಡಿ ಕಳಿಸುತ್ತಿದ್ದಾರೆ, ದುಡ್ಡು ದಂಡವಾಗಬಾರದು. ಮೇಲೆ ಇಂಟರ್ನೆಟ್ ಇಲ್ಲದೆ ಮ್ಯಾಪ್ ನಡೆಯುತ್ತಾ? ಕಾಗದದ ಚಾರ್ಟ್ ಇನ್ನು ಬೇಕೇ ಇಲ್ಲವಾ? ಭಾರತಕ್ಕೆ ವಾಪಸ್ ಬಂದ ಮೇಲೂ ಇದು ಉಪಯೋಗಕ್ಕೆ ಬರುತ್ತಾ?"

ಉತ್ತರ: ನಿಮ್ಮ ಪತ್ರದಲ್ಲಿ ಮಾಡೆಲ್ ಇದೆ, ಆ್ಯಪ್ ಇದೆ, ಸಾಲದ ಚಿಂತೆಯೂ ಇದೆ. ಬಿಸಿಲು ಒಂದಿಲ್ಲ. ನೀವು ಹೋಗುತ್ತಿರುವುದು ಮೇ ತಿಂಗಳಲ್ಲಿ, ಅದೂ ಫೀನಿಕ್ಸ್‌ಗೆ. ಅರಿಜೋನದಲ್ಲಿ ವಿದ್ಯಾರ್ಥಿಗಳಿಗೆ ಹಾರಾಟ ಕಲಿಸುತ್ತಾ ನಾನು ಕಂಡಿರುವುದು ಇಷ್ಟು: ಇಲ್ಲಿ ಟ್ಯಾಬ್ಲೆಟ್ ಒಂದಲ್ಲ ಒಂದು ದಿನ ಗಾಳಿಯಲ್ಲೇ ಆರಿಹೋಗುತ್ತದೆ. ಅದಕ್ಕೇ ಯಾವುದು ಕೊಳ್ಳಬೇಕು, ಎಲ್ಲಿ ಕಟ್ಟಬೇಕು, ಜೊತೆಗೆ ಏನಿರಬೇಕು ಅನ್ನುವುದನ್ನೆಲ್ಲ ಆ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡೇ ತೀರ್ಮಾನಿಸಿ.

ಮೊದಲು ಅಣ್ಣನ ವಾದ. ಅವನು ತಪ್ಪು ತಿಳಿದುಕೊಂಡಿರುವುದಕ್ಕೆ ಕಾರಣ ಇದೆ. ವೈಫೈ ಐಪ್ಯಾಡ್ ಮನೆಯಲ್ಲಿ ಮ್ಯಾಪ್ ತೆರೆದರೆ ನೀಲಿ ಚುಕ್ಕೆಯನ್ನು ಸರಿಯಾಗಿ ನಿಮ್ಮ ಓಣಿಯಲ್ಲೇ ತೋರಿಸುತ್ತದೆ, ಅಲ್ವಾ? ಅದು ಜಿಪಿಎಸ್ ಕೆಲಸವಲ್ಲ. ಸುತ್ತಮುತ್ತಲಿನ ವೈಫೈ ರೂಟರ್‌ಗಳು ಎಲ್ಲೆಲ್ಲಿವೆ ಅನ್ನುವ ಲೆಕ್ಕದಿಂದ ಅದು ಜಾಗವನ್ನು ಅಂದಾಜು ಮಾಡುತ್ತದೆ. ಮರುಭೂಮಿಯ ಮೇಲೆ 5,000 ಅಡಿಯಲ್ಲಿ ಯಾವ ರೂಟರ್ ಇರುತ್ತದೆ? ವೈಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಚಿಪ್ ಇಲ್ಲವೇ ಇಲ್ಲ. ಅದು ಇರುವುದು 'ವೈಫೈ ಪ್ಲಸ್ ಸೆಲ್ಯುಲರ್' ಮಾಡೆಲ್‌ನಲ್ಲಿ. ನಿಮ್ಮ ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್ ಐಪ್ಯಾಡ್‌ಗೆ ಇಂಟರ್ನೆಟ್ ಕೊಡುತ್ತದೆ, ಜಾಗದ ಮಾಹಿತಿ ಕೊಡುವುದಿಲ್ಲ. ಮೇಲಕ್ಕೆ ಹೋದಂತೆ ಆ ಇಂಟರ್ನೆಟ್ಟೂ ಬಿಟ್ಟುಬಿಟ್ಟು ಬರುತ್ತದೆ.

ಇದರ ಇನ್ನೊಂದು ಮುಖವೇ ನಿಮ್ಮ ಇಂಟರ್ನೆಟ್ ಪ್ರಶ್ನೆ. ಜಿಪಿಎಸ್‌ಗೆ ಇಂಟರ್ನೆಟ್ ಬೇಡ, ಸಿಮ್ ಬೇಡ, ತಿಂಗಳ ಪ್ಲಾನೂ ಬೇಡ. ಸೆಲ್ಯುಲರ್ ಮಾಡೆಲ್ ತಗೊಂಡು ಇಸಿಮ್ ಹಾಕದೆ ಹಾಗೇ ಇಟ್ಟರೂ ಅದು ಉಪಗ್ರಹದ ಸಂಕೇತ ಹಿಡಿಯುತ್ತದೆ. ಏರೋಪ್ಲೇನ್ ಮೋಡ್‌ನಲ್ಲೂ ಹಿಡಿಯುತ್ತದೆ. ಬೇಕಾಗಿರುವುದು ಚಾರ್ಟ್‌ಗಳನ್ನು ನೆಲದ ಮೇಲೇ ಪೂರ್ತಿ ಇಳಿಸಿಕೊಳ್ಳುವುದು. ಫೋರ್‌ಫ್ಲೈಟ್‌ನಲ್ಲಿ ಇದಕ್ಕೆ 'ಪ್ಯಾಕ್' ಅಂತ ಒಂದು ಗುಂಡಿ ಇದೆ, ನಿಮ್ಮ ದಾರಿಗೆ ಬೇಕಾದ ಚಾರ್ಟು, ಹವಾಮಾನ, ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಎಚ್ಚರಿಕೆ ಸೂಚನೆ) ಎಲ್ಲ ಒಟ್ಟಿಗೆ ಬರುತ್ತವೆ. ಹೊರಡುವ ಮುಂಚೆ ಏರೋಪ್ಲೇನ್ ಮೋಡ್ ಹಾಕಿ, ಬಯಲಿಗೆ ಬಂದು ನಿಂತು, ಚುಕ್ಕೆ ಕಾಣುತ್ತಿದೆಯಾ, ದಾರಿಯುದ್ದಕ್ಕೂ ಬೆರಳಲ್ಲಿ ಹಿಗ್ಗಿಸಿದಾಗ ಚಾರ್ಟ್ ಸ್ಪಷ್ಟವಾಗಿದೆಯಾ ನೋಡಿ. ಎರಡೇ ನಿಮಿಷದ ಕೆಲಸ. ನನ್ನ ವಿದ್ಯಾರ್ಥಿಗಳು ಇದನ್ನು ಮಾಡದೆ ವಿಮಾನದ ಹತ್ತಿರ ಬಂದರೆ ವಾಪಸ್ ಕಳಿಸುತ್ತೇನೆ.

ಇನ್ನು ಅಳತೆ. 13 ಇಂಚಿನ ಪ್ರೊ ದೊಡ್ಡ ವಿಮಾನದ ಕಾಕ್‌ಪಿಟ್‌ಗೆ ಚೆನ್ನ, ಸೆಸ್ನಾ 172ಕ್ಕೆ ಬೇಡ. ಆ ವಿಮಾನದಲ್ಲಿ ಇಬ್ಬರು ಕೂತರೆ ಭುಜಕ್ಕೆ ಭುಜ ತಾಗುತ್ತದೆ. ಯೋಕ್ (ವಿಮಾನ ನಡೆಸುವ ಹಿಡಿ) ಮೇಲೆ 13 ಇಂಚು ಕಟ್ಟಿದರೆ ಅರ್ಧ ಪ್ಯಾನೆಲ್ ಮುಚ್ಚಿಹೋಗುತ್ತದೆ. ತೊಡೆ ಮೇಲೆ ಇಟ್ಟರೆ ಯೋಕ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಇಳಿಯುವಾಗ ಕೊನೆಯ ಕ್ಷಣದಲ್ಲಿ ಮೂಗು ಎತ್ತಲು ಆ ಹಿಂದಿನ ಎರಡು ಇಂಚು ಬೇಕೇ ಬೇಕು. ಅದು ಸಿಗದಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ನನ್ನ ಆಯ್ಕೆ 8.3 ಇಂಚಿನ ಐಪ್ಯಾಡ್ ಮಿನಿ, ಸೆಲ್ಯುಲರ್ ಮಾಡೆಲ್. 2024ರಲ್ಲಿ ಬಂದ ಮಿನಿಯ ಸೆಲ್ಯುಲರ್ ಮಾಡೆಲ್ ಅಮೆರಿಕದಲ್ಲಿ 649 ಡಾಲರ್‌ನಿಂದ ಶುರುವಾಯಿತು, 13 ಇಂಚಿನ ಪ್ರೊ ವೈಫೈ ಮಾಡೆಲ್ಲೇ ಆಗ 1,299 ಡಾಲರ್ ಇತ್ತು. 2021ರ ಮಿನಿ ಸೆಕೆಂಡ್ ಹ್ಯಾಂಡ್‌ನಲ್ಲಿ, ಬ್ಯಾಟರಿ ಗಟ್ಟಿಯಾಗಿರುವುದು ಸಿಕ್ಕರೆ ಅದೂ ಸಾಕು. 64 ಜಿಬಿ ಆದರೂ ತೊಂದರೆ ಇಲ್ಲ, ಅರಿಜೋನ ಮತ್ತು ಅಕ್ಕಪಕ್ಕದ ರಾಜ್ಯಗಳ ಚಾರ್ಟ್ ಮಾತ್ರ ಇಳಿಸಿಕೊಳ್ಳಿ.

ಕಟ್ಟುವ ವಿಷಯದಲ್ಲಿ ಉದಾಸೀನ ಬೇಡ. 2014ರ ಫೆಬ್ರವರಿಯಲ್ಲಿ ಬ್ರಿಟನ್ ವಾಯುಪಡೆಯ ವಾಯೇಜರ್ ವಿಮಾನದಲ್ಲಿ ಕ್ಯಾಪ್ಟನ್‌ನ ಕ್ಯಾಮೆರಾ ಸೀಟಿನ ಕೈಯೊರಗು ಮತ್ತು ವಿಮಾನ ನಡೆಸುವ ಸೈಡ್‌ಸ್ಟಿಕ್ ನಡುವೆ ಸಿಕ್ಕಿಕೊಂಡು, ಅಷ್ಟು ದೊಡ್ಡ ವಿಮಾನ 27 ಸೆಕೆಂಡಿನಲ್ಲಿ 4,400 ಅಡಿ ಕುಸಿಯಿತು. ಸಡಿಲವಾಗಿರುವ ಒಂದು ವಸ್ತು ಸಾಕು. ಟ್ಯಾಬ್ಲೆಟ್ ಕಟ್ಟಿದ ಮೇಲೆ ಯೋಕ್ ಅನ್ನು ನಾಲ್ಕೂ ಕಡೆಗೆ ಕೊನೆಯವರೆಗೆ ಆಡಿಸಿ ನೋಡಿ. ಚಾರ್ಜರ್ ವೈರ್ ಜೋತು ಬೀಳಬಾರದು. ಐಪ್ಯಾಡ್ ಒಳಗೂ, ಅದರ ಕವರ್‌ನಲ್ಲೂ ಮ್ಯಾಗ್ನೆಟ್ ಇರುತ್ತದೆ. ಕಂಪಾಸ್ ಹತ್ತಿರ ಇಟ್ಟರೆ ಕಂಪಾಸ್ ಸುಳ್ಳು ಹೇಳುತ್ತದೆ. ಪೋಲರೈಸ್ಡ್ ತಂಪು ಕನ್ನಡಕ ಹಾಕಿದರೆ ಕೆಲವು ಕೋನದಲ್ಲಿ ಪರದೆ ಕಪ್ಪಾಗಿ ಕಾಣುತ್ತದೆ, ಹಾಗಾಗಿ ಸಾಮಾನ್ಯ ತಂಪು ಕನ್ನಡಕವೇ ಇರಲಿ.

ಈಗ ಬಿಸಿಲಿನ ವಿಷಯ. ಐಪ್ಯಾಡ್ ಬಳಸುವಾಗ ಸುತ್ತಲಿನ ಗಾಳಿ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು, ಬಳಸದೆ ಇಟ್ಟಿದ್ದರೂ 45 ಡಿಗ್ರಿ ದಾಟಬಾರದು ಅಂತ ಆ್ಯಪಲ್ ಹೇಳುತ್ತದೆ. ಫೀನಿಕ್ಸ್‌ನಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣತೆ 43 ಡಿಗ್ರಿ ಮುಟ್ಟಿತ್ತು ಅಥವಾ ದಾಟಿತ್ತು. ಅದು ನೆರಳಿನಲ್ಲಿ ಅಳೆದದ್ದು. ಬಿಸಿಲಿಗೆ ನಿಲ್ಲಿಸಿದ ವಿಮಾನದ ಒಳಗೆ, ಗಾಜಿನ ಕೆಳಗೆ, ಇನ್ನೂ ಜಾಸ್ತಿ. ಇದರ ಮೇಲೆ ಪರದೆಯ ಬೆಳಕು ಪೂರ್ತಿ ಏರಿಸಿರುತ್ತೀರಿ, ಇಲ್ಲದಿದ್ದರೆ ಬಿಸಿಲಲ್ಲಿ ಕಾಣುವುದಿಲ್ಲ. ಜಿಪಿಎಸ್ ನಡೆಯುತ್ತಿರುತ್ತದೆ, ಚಾರ್ಜ್ ಆಗುತ್ತಿರುತ್ತದೆ, ಮೇಲೆ ದಪ್ಪ ಕವರ್ ಬೇರೆ. ಇವೆಲ್ಲ ಸೇರಿ ಬಿಸಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಲಿಥಿಯಂ ಬ್ಯಾಟರಿಗೆ ಬಿಸಿ ಅಂದರೆ ಆಗುವುದಿಲ್ಲ, ಅದನ್ನು ಉಳಿಸಿಕೊಳ್ಳಲು ಐಪ್ಯಾಡ್ ತಾನಾಗಿಯೇ ಪರದೆ ಮಂಕು ಮಾಡುತ್ತದೆ, ಚಾರ್ಜ್ ನಿಲ್ಲಿಸುತ್ತದೆ, ಕೊನೆಗೆ ಥರ್ಮಾಮೀಟರ್ ಚಿತ್ರ ತೋರಿಸಿ ಕೈ ಎತ್ತುತ್ತದೆ. ಅದು ಕೆಟ್ಟಿರುವುದಿಲ್ಲ. ತಣ್ಣಗಾದ ಮೇಲೆ ಎದ್ದುಬರುತ್ತದೆ, ಆದರೆ ಅಷ್ಟರಲ್ಲಿ ನೀವು ಗಂಟೆಗೆ ನೂರು ನಾಟಿಕಲ್ ಮೈಲಿ ವೇಗದಲ್ಲಿ ಎಲ್ಲಿಗೋ ಹೋಗಿರುತ್ತೀರಿ.

ದುಬಾರಿ ಮಾಡೆಲ್ ತಗೊಂಡರೆ ಇದು ಆಗುವುದಿಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಎಲ್ಲ ಮಾಡೆಲ್‌ಗೂ ಅದೇ 35 ಡಿಗ್ರಿ ಮಿತಿ. ನೀವು ಮಾಡಬಹುದಾದದ್ದು ಇದು: ನೆಲದ ಮೇಲೇ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು, ಸೆಕೆಯಲ್ಲಿ ಹಾರುವಾಗ ಚಾರ್ಜ್ ಹಾಕಬೇಡಿ. ಹಿಂದಿನ ಕವರ್ ತೆಗೆಯಿರಿ. ಮುಂದಿನ ಗಾಜಿನ ಕೆಳಗಿರುವ ಗ್ಲೇರ್‌ಶೀಲ್ಡ್ ಮೇಲೆ ಒಂದು ನಿಮಿಷವೂ ಇಡಬೇಡಿ. ವಿಮಾನ ಸುತ್ತಿ ತಪಾಸಣೆ ಮಾಡುವಾಗ ಟ್ಯಾಬ್ಲೆಟ್ ಬ್ಯಾಗಿನಲ್ಲಿ, ರೆಕ್ಕೆಯ ನೆರಳಿನಲ್ಲಿರಲಿ. ಹಾರುವಾಗ ಗಾಳಿಯ ವೆಂಟ್ ಅನ್ನು ಅದರ ಬೆನ್ನಿಗೆ ತಿರುಗಿಸಿ. ಫ್ಯಾನ್ ಇರುವ ಸ್ಟ್ಯಾಂಡ್‌ಗಳೂ ಸಿಗುತ್ತವೆ, ಇಲ್ಲಿನ ಬೇಸಿಗೆಗೆ ಅದಕ್ಕೆ ಕೊಟ್ಟ ದುಡ್ಡು ವ್ಯರ್ಥವಲ್ಲ. ಬಿಸಿಯಾದದ್ದನ್ನು ಫ್ರಿಜ್‌ನಲ್ಲೋ ಐಸ್ ಮೇಲೋ ಇಡಬೇಡಿ, ಒಳಗೆ ನೀರು ಕೂರುತ್ತದೆ. ಬೆಳಗಿನ ಜಾವದ ಸ್ಲಾಟ್ ಸಿಕ್ಕರೆ ಬಿಡಬೇಡಿ. ಅದು ಐಪ್ಯಾಡ್‌ಗಿಂತ ನಿಮ್ಮ ಮೈಗೆ ಒಳ್ಳೆಯದು, ಇಂಜಿನ್‌ಗೂ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಆರಿದರೆ? ಅದರ ಮೇಲೆ ಊದುತ್ತಾ ತಲೆ ಬಗ್ಗಿಸಿ ಕೂರಬೇಡಿ. ಇದೇ ಅಪಾಯದ ಗಳಿಗೆ. ಇದ್ದ ದಿಕ್ಕು, ಇದ್ದ ಎತ್ತರ ಹಿಡಿದುಕೊಳ್ಳಿ. ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಹೊರಗೆ ನೋಡಿ. ಫೀನಿಕ್ಸ್‌ನ ಉತ್ತರಕ್ಕೆ ಅಭ್ಯಾಸ ಮಾಡುವಾಗ ಐ-17 ಹೆದ್ದಾರಿ ಉತ್ತರ ದಕ್ಷಿಣವಾಗಿ ಹೋಗುತ್ತದೆ, ಅದರ ಪಶ್ಚಿಮಕ್ಕೆ ಲೇಕ್ ಪ್ಲೆಸೆಂಟ್ ಅನ್ನುವ ದೊಡ್ಡ ಕೆರೆ, ದಕ್ಷಿಣಕ್ಕೆ ಗೆರೆ ಎಳೆದ ಹಾಗೆ ಕಾಲುವೆ. ಇಷ್ಟು ಗುರುತು ಸಾಕು ನೀವು ಎಲ್ಲಿದ್ದೀರಿ ಅಂತ ಹೇಳಲು. ನೆಲದಿಂದ ರೇಡಾರ್‌ನಲ್ಲಿ ನಿಮ್ಮನ್ನು ಗಮನಿಸುವ ಎಟಿಸಿಯವರ 'ಫ್ಲೈಟ್ ಫಾಲೋಯಿಂಗ್' ಸೇವೆ ತಗೊಂಡಿದ್ದರೆ ಅವರನ್ನೇ ಕೇಳಬಹುದು, ಯಾರೂ ಬೈಯುವುದಿಲ್ಲ.

ಆ್ಯಪ್ ವಿಷಯದಲ್ಲಿ ನಾನು ಜಾಸ್ತಿ ಕೊರೆಯುವುದಿಲ್ಲ. ಶಾಲೆ ಫೋರ್‌ಫ್ಲೈಟ್ ಅಂದಿದ್ದರೆ ಅದನ್ನೇ ತಗೊಳ್ಳಿ. ಅದು ಎಲ್ಲರಿಗಿಂತ ಮೇಲು ಅಂತಲ್ಲ, ನಿಮ್ಮ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು ಅದೇ ಪರದೆಯಲ್ಲಿ ಕಲಿಸುತ್ತಾರೆ ಅಂತ. ಇದು ಐಪ್ಯಾಡ್, ಐಫೋನ್‌ನಲ್ಲಿ ಮಾತ್ರ ನಡೆಯುತ್ತದೆ. ಗಾರ್ಮಿನ್ ಪೈಲಟ್ ಆಂಡ್ರಾಯ್ಡ್‌ನಲ್ಲೂ ಇದೆ. ವಿಮಾನದಲ್ಲಿ ಗಾರ್ಮಿನ್ ಉಪಕರಣ ಇದ್ದರೆ ಗುಂಡಿಗಳ ಜೋಡಣೆ ಪರಿಚಿತ ಅನ್ನಿಸುತ್ತದೆ. ಎರಡಕ್ಕೂ ವರ್ಷದ ಚಂದಾ ಇದೆ, ಮೊದಲ ತಿಂಗಳು ಉಚಿತವಾಗಿ ನೋಡಬಹುದು. ಆ ಉಚಿತ ತಿಂಗಳನ್ನು ಹುಬ್ಬಳ್ಳಿಯಲ್ಲಿ ಕೂತು ಖರ್ಚು ಮಾಡಬೇಡಿ, ಇಲ್ಲಿ ಬಂದ ಮೇಲೆ ಶುರುಮಾಡಿ. ಫ್ಲೈಟ್‌ಪ್ಲಾನ್ ಗೋ ಪೂರ್ತಿ ಉಚಿತ, ಅವಾರೆ ಅನ್ನುವ ಆಂಡ್ರಾಯ್ಡ್ ಆ್ಯಪ್ ಕೂಡ ಉಚಿತ. ಇವು ಉಚಿತವಾಗಿರಲು ಸಾಧ್ಯವಾಗಿರುವುದು ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ತನ್ನ ಚಾರ್ಟ್‌ಗಳನ್ನು ಎಲ್ಲರಿಗೂ ಪುಕ್ಕಟೆ ಕೊಡುವುದರಿಂದ. ಚಾರ್ಟ್ ಅದೇ, ಸುತ್ತಲಿನ ಸೌಕರ್ಯ ಕಡಿಮೆ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಅವಾರೆ ಹಾಕಿ, ಅರಿಜೋನ ಚಾರ್ಟ್ ಇಳಿಸಿ, ಫೋನನ್ನು ನೆರಳಲ್ಲಿ, ಬ್ಯಾಗಿನ ಒಳಗೆ ಇಟ್ಟುಕೊಳ್ಳಿ. ಐಪ್ಯಾಡ್ ಆರಿದ ದಿನ ಅದೇ ನಿಮ್ಮ ಎರಡನೇ ನಕ್ಷೆ.

ಒಂದು ಮಾತು ಮರೆಯಬೇಡಿ: ಐಪ್ಯಾಡ್ ಸಾಫ್ಟ್‌ವೇರ್ ಅಪ್‌ಡೇಟ್ ಅನ್ನು ಹಾರುವ ಹಿಂದಿನ ರಾತ್ರಿ ಹಾಕಬೇಡಿ. ದೊಡ್ಡವರಿಗೂ ಇಂಥದ್ದು ಬಿಟ್ಟಿಲ್ಲ. ಅಮೆರಿಕನ್ ಏರ್‌ಲೈನ್ಸ್ 2013ರಲ್ಲಿ ಪೈಲಟ್‌ಗಳ 35 ಪೌಂಡ್ ತೂಕದ ಕಾಗದದ ಚೀಲಗಳನ್ನು ತೆಗೆದು ಐಪ್ಯಾಡ್ ಕೊಟ್ಟಿತು. 2015ರ ಏಪ್ರಿಲ್‌ನಲ್ಲಿ ಅದರ ಹತ್ತಾರು ವಿಮಾನಗಳು ತಡವಾದದ್ದು ಆ ಐಪ್ಯಾಡ್‌ನ ಆ್ಯಪ್ ಕೈಕೊಟ್ಟಿದ್ದರಿಂದ.

ಎಡಿಎಸ್‌-ಬಿ ರಿಸೀವರ್ ಅಂತ ಒಂದು ಚಿಕ್ಕ ಪೆಟ್ಟಿಗೆ ಸಿಗುತ್ತದೆ. ನೆಲದ ಕೇಂದ್ರಗಳಿಂದ ಹವಾಮಾನ, ಸುತ್ತಲಿನ ವಿಮಾನಗಳ ಮಾಹಿತಿ ಹಿಡಿದು ಐಪ್ಯಾಡ್‌ಗೆ ಕೊಡುತ್ತದೆ, ಈ ಸೇವೆಗೆ ಚಂದಾ ಇಲ್ಲ. ಸಾಮಾನ್ಯವಾಗಿ ಅದರೊಳಗೇ ಜಿಪಿಎಸ್ ಇರುತ್ತದೆ. ಹಾಗಾಗಿ ದುಡ್ಡು ನಿಜವಾಗಿಯೂ ಬಿಗಿ ಇದ್ದರೆ ಅಣ್ಣನ ವೈಫೈ ಐಪ್ಯಾಡ್ ಜೊತೆ ಇಂಥ ಒಂದು ರಿಸೀವರ್ ಸೇರಿಸಿ ಕೆಲಸ ನಡೆಸಬಹುದು. ತೊಂದರೆ ಏನೆಂದರೆ ಬಿಸಿಯಾಗುವ ವಸ್ತು ಈಗ ಎರಡಾದವು, 10.2 ಇಂಚು ತೊಡೆಗೆ ಸ್ವಲ್ಪ ದೊಡ್ಡದು, ಆ ಮಾಡೆಲ್‌ನ ಗಾಜಿಗೂ ಪರದೆಗೂ ನಡುವೆ ಖಾಲಿ ಜಾಗ ಇರುವುದರಿಂದ ಬಿಸಿಲಿಗೆ ಹೊಳಪು ಜಾಸ್ತಿ ಹೊಡೆಯುತ್ತದೆ. ಅದನ್ನು ರೂಮಿನಲ್ಲಿ ಓದಲು, ಪ್ಲಾನ್ ಮಾಡಲು ಇಟ್ಟುಕೊಳ್ಳುವುದೇ ನನಗೆ ಸರಿ ಅನ್ನಿಸುತ್ತದೆ. ಕೆಲವು ರಿಸೀವರ್‌ಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆಯೂ ಇರುತ್ತದೆ. ಚಳಿಗಾಲದಲ್ಲಿ ಕ್ಯಾಬಿನ್ ಹೀಟರ್ ಹಾಕಿದಾಗ ಅದು ಪ್ರಾಣ ಉಳಿಸಬಲ್ಲದು, ಹಾಗಾಗಿ ಕೊಳ್ಳುವುದಾದರೆ ಅಂಥದ್ದನ್ನೇ ನೋಡಿ.

ಆದರೆ ಪರದೆ ತೋರಿಸುವುದೆಲ್ಲ ಆ ಕ್ಷಣದ ಸತ್ಯ ಅಂದುಕೊಳ್ಳಬೇಡಿ. ನನಗೆ ನಿಜವಾಗಿ ಭಯ ಇರುವುದು ಇಲ್ಲೇ. ರೇಡಾರ್ ಚಿತ್ರದ ಮೇಲೆ 'ಕೆಲವು ನಿಮಿಷ ಹಿಂದಿನದು' ಅಂತ ಬರೆದಿರುತ್ತದೆ. ಆ ಲೆಕ್ಕ ಚಿತ್ರ ಜೋಡಿಸಿದ ಹೊತ್ತಿನಿಂದ ಶುರುವಾಗುತ್ತದೆ, ಮಳೆಯನ್ನು ಅಳೆದ ಹೊತ್ತಿನಿಂದಲ್ಲ. ನಿಜವಾದ ವಯಸ್ಸು ತೋರಿಸುವುದಕ್ಕಿಂತ 15ರಿಂದ 20 ನಿಮಿಷ ಜಾಸ್ತಿ ಇರಬಹುದು ಅಂತ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲೇ ಎಚ್ಚರಿಸಿದೆ. ಅರಿಜೋನದ ಮಾನ್ಸೂನ್ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ, ಅಂದರೆ ಸರಿಯಾಗಿ ನೀವು ಒಬ್ಬರೇ ಹಾರುವ ಸೋಲೊ ಹಾರಾಟಗಳ ಕಾಲ. ಇಪ್ಪತ್ತು ನಿಮಿಷದಲ್ಲಿ ಇಲ್ಲಿ ಗುಡುಗು ಮೋಡ ಎದ್ದು ನಿಲ್ಲುತ್ತದೆ. ಪರದೆಯಲ್ಲಿ ಎರಡು ಮೋಡಗಳ ನಡುವೆ ಕಾಣುವ ಸಂದಿಯಲ್ಲಿ ನುಗ್ಗುವ ಯೋಚನೆ ಬರಲೇಬಾರದು. ರೇಡಾರ್ ಚಿತ್ರ ನೋಡಿ ವಾಪಸ್ ತಿರುಗಿ, ಅಷ್ಟಕ್ಕೇ ಅದನ್ನು ಬಳಸಿ.

ವಿಮಾನಗಳ ಚುಕ್ಕೆಗಳೂ ಹಾಗೆಯೇ. 2020ರ ಜನವರಿ 1ರಿಂದ ದೊಡ್ಡ ನಿಲ್ದಾಣಗಳ ಸುತ್ತ ವಿಮಾನಗಳು ತಾವಿರುವ ಜಾಗವನ್ನು ಎಡಿಎಸ್‌-ಬಿ ಮೂಲಕ ಬಿತ್ತರಿಸುವುದು ಕಡ್ಡಾಯ, ಆದರೆ ಎಲ್ಲ ಕಡೆ ಅಲ್ಲ. ಚುಕ್ಕೆ ಇಲ್ಲ ಅಂದರೆ ವಿಮಾನ ಇಲ್ಲ ಅಂತಲ್ಲ. 2021ರ ಅಕ್ಟೋಬರ್ 1ರಂದು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ತರಬೇತಿ ವಿಮಾನವೂ ತರಬೇತಿ ಹೆಲಿಕಾಪ್ಟರೂ ಡಿಕ್ಕಿಯಾಗಿ ಹೆಲಿಕಾಪ್ಟರ್‌ನಲ್ಲಿದ್ದ ಇಬ್ಬರು ತೀರಿಕೊಂಡರು. ಇಲ್ಲಿನ ಆಕಾಶ ಅಷ್ಟು ಕಿಕ್ಕಿರಿದಿದೆ. ಕಣ್ಣು ಹೊರಗಿರಲಿ.

ಎತ್ತರದ ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಆಲ್ಟಿಮೀಟರ್ ಗಾಳಿಯ ಒತ್ತಡ ಅಳೆಯುತ್ತದೆ, ಐಪ್ಯಾಡ್ ಉಪಗ್ರಹದ ಲೆಕ್ಕ ಹೇಳುತ್ತದೆ. ಬಿಸಿ ಗಾಳಿ ಹಿಗ್ಗಿರುತ್ತದೆ. ನೆಲದಲ್ಲಿ 40 ಡಿಗ್ರಿ ಇರುವ ದಿನ, ಸುಮಾರು 1,500 ಅಡಿ ಎತ್ತರದಲ್ಲಿರುವ ಡೀರ್ ವ್ಯಾಲಿ ನಿಲ್ದಾಣದಿಂದ ಎದ್ದು ಆಲ್ಟಿಮೀಟರ್‌ನಲ್ಲಿ 5,000 ಅಡಿ ಹಿಡಿದಾಗ, ಐಪ್ಯಾಡ್ 300ರಿಂದ 400 ಅಡಿ ಜಾಸ್ತಿ ತೋರಿಸಬಹುದು. ಎರಡೂ ಕೆಟ್ಟಿಲ್ಲ. ಆದರೆ ಫೀನಿಕ್ಸ್‌ನ ಕ್ಲಾಸ್ ಬಿ ಆಕಾಶ (ಎಟಿಸಿ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲದ ವಲಯ) ಮೆಟ್ಟಿಲು ಮೆಟ್ಟಿಲಾಗಿ ನಿಮ್ಮ ತಲೆ ಮೇಲಿರುತ್ತದೆ, ಅದರ ಎತ್ತರವನ್ನೂ ಬೇರೆ ವಿಮಾನಗಳ ಎತ್ತರವನ್ನೂ ಲೆಕ್ಕ ಹಾಕುವುದು ಆಲ್ಟಿಮೀಟರ್‌ನಿಂದ. ಹಾರಾಟಕ್ಕೆ ಆಲ್ಟಿಮೀಟರ್ ಮಾತ್ರ.

ಕಾಗದ ಬೇಕಾ? ಇಂಥ ಹಾರಾಟಗಳಿಗೆ ಅನ್ವಯಿಸುವ ಅಮೆರಿಕದ 'ಪಾರ್ಟ್ 91' ನಿಯಮಗಳಲ್ಲಿ ಕಾಗದದ ಚಾರ್ಟ್ ಇರಲೇಬೇಕು ಅಂತಿಲ್ಲ. ಹಾರಾಟಕ್ಕೆ ಬೇಕಾದ ಮಾಹಿತಿಯನ್ನೆಲ್ಲ ಮೊದಲೇ ತಿಳಿದುಕೊಂಡಿರಬೇಕು ಅನ್ನುತ್ತದೆ ನಿಯಮ. ಟ್ಯಾಬ್ಲೆಟ್ ಬಳಸುವವರು ಬ್ಯಾಕಪ್ ಇಟ್ಟುಕೊಳ್ಳುವುದು ಒಳ್ಳೆಯದು ಅಂತ ಎಫ್‌ಎಎ ಸಲಹೆ. ನಿಮ್ಮ ಶಾಲೆಯ ನಿಯಮ ಇದಕ್ಕಿಂತ ಬಿಗಿ ಇರಬಹುದು, ಹೋದ ದಿನವೇ ಕೇಳಿ. ನನ್ನ ಮಾತು ಕೇಳುವುದಾದರೆ ಮೊದಲ ಸೋಲೊ ಆಗುವವರೆಗೆ ಐಪ್ಯಾಡ್ ಬ್ಯಾಗಿನಲ್ಲೇ ಇರಲಿ. ಫೀನಿಕ್ಸ್ ಸೆಕ್ಷನಲ್ ಚಾರ್ಟ್ ಕಾಗದದ್ದು ಒಂದು ಕೊಂಡು ಮೊಣಕಾಲ ಮೇಲೆ ಮಡಚಿಟ್ಟುಕೊಳ್ಳಿ. 56 ದಿನಕ್ಕೊಮ್ಮೆ ಹೊಸದು ಬರುತ್ತದೆ, ಹಳೆಯದನ್ನು ರೂಮಿನ ಗೋಡೆಗೆ ಅಂಟಿಸಿ, ಮಲಗುವಾಗ ನೋಡಿ. ಲೈಸೆನ್ಸ್‌ಗಾಗಿ ನಡೆಯುವ ಹಾರಾಟ ಪರೀಕ್ಷೆಯಲ್ಲಿ, ಅಂದರೆ ಚೆಕ್‌ರೈಡ್‌ನಲ್ಲಿ, ಎಕ್ಸಾಮಿನರ್ "ನಿಮ್ಮ ಟ್ಯಾಬ್ಲೆಟ್ ಕೆಟ್ಟಿತು" ಅಂದು ಪಕ್ಕಕ್ಕಿಡಿಸುವುದು ಸಾಮಾನ್ಯ. ಪ್ರೈವೇಟ್ ಪೈಲಟ್ ಮಟ್ಟಕ್ಕೆ, ನೆಲದ ಗುರುತು ಮತ್ತು ಗಡಿಯಾರ ಹಿಡಿದು ಹೋಗಿ, ದಾರಿಯಿಂದ 3 ನಾಟಿಕಲ್ ಮೈಲಿ ಒಳಗೆ, ಹೇಳಿದ ಹೊತ್ತಿನ 5 ನಿಮಿಷದ ಒಳಗೆ ಗುರುತು ಮುಟ್ಟಬೇಕು. ನೀಲಿ ಚುಕ್ಕೆ ನೋಡಿ ಕಲಿತವರು ಇಲ್ಲಿ ಒದ್ದಾಡುತ್ತಾರೆ. ಅದೂ ಅಲ್ಲದೆ ಪಕ್ಕದ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಸೇನೆಯವರು ಆಗಾಗ ಜಿಪಿಎಸ್ ತಡೆಯುವ ಪರೀಕ್ಷೆ ನಡೆಸುತ್ತಾರೆ, ನೋಟಾಮ್‌ನಲ್ಲಿ ನೋಡುತ್ತಿರಿ.

ಕೊನೆಗೆ ಭಾರತ. ಅಮೆರಿಕದಲ್ಲಿ ಪುಕ್ಕಟೆ ಸಿಗುವ ಚಾರ್ಟು, ನೆಲದಿಂದ ಬರುವ ಉಚಿತ ರೇಡಾರ್ ಚಿತ್ರ, ಇವು ಆ ಗಡಿಗೇ ಮುಗಿಯುತ್ತವೆ. ರಿಸೀವರ್‌ಗೆ ಹವಾಮಾನ ಕಳಿಸುವ 978 ಮೆಗಾಹರ್ಟ್ಸ್ ಸೇವೆ ಭಾರತದಲ್ಲಿಲ್ಲ. ಅಲ್ಲಿನ ಅಧಿಕೃತ ಮಾಹಿತಿ ವಿಮಾನ ನಿಲ್ದಾಣ ಪ್ರಾಧಿಕಾರದ ಎಐಪಿ ಅನ್ನುವ ಪ್ರಕಟಣೆಯಲ್ಲಿರುತ್ತದೆ. ಜಕ್ಕೂರಿನಂಥ ಕಡೆ, ಯಲಹಂಕ ವಾಯುನೆಲೆ, ಎಚ್‌ಎಎಲ್, ಕೆಂಪೇಗೌಡ ನಿಲ್ದಾಣ ಎಲ್ಲ ಒತ್ತೊತ್ತಾಗಿರುವ ಆಕಾಶದಲ್ಲಿ ಹಾರುವುದಾದರೆ ಶಾಲೆ ಕೊಟ್ಟ ನಕ್ಷೆ, ಎಟಿಸಿ ಹೇಳಿದ ಮಾತು ಇವೇ ಮುಖ್ಯ. ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ನಡೆಸುವ ನ್ಯಾವಿಗೇಷನ್ ಪರೀಕ್ಷೆಯ ಪೇಪರ್‌ನಲ್ಲಿ ಯಾವ ಆ್ಯಪೂ ಬರುವುದಿಲ್ಲ. 60 ಮೈಲಿ ಹೋದಾಗ 1 ಮೈಲಿ ತಪ್ಪಿದರೆ 1 ಡಿಗ್ರಿ, ಗಾಳಿಗೆ ಎಷ್ಟು ತಿರುಗಬೇಕು, ಈ ಲೆಕ್ಕಗಳೇ ಬೇಕು. ಅರಿಜೋನದಲ್ಲಿ ಕಾಗದದ ಮೇಲೆ ಅಭ್ಯಾಸ ಮಾಡಿದ್ದರೆ ಆ ಪೇಪರ್ ಹಗುರ. ಗಡಿ ಭಾಗಗಳಲ್ಲಿ ಜಿಪಿಎಸ್‌ಗೆ ಅಡ್ಡಿಯಾಗುವ ಬಗ್ಗೆ ಡಿಜಿಸಿಎ 2023ರ ನವೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ, ಏರ್‌ಲೈನ್‌ಗೆ ಸೇರಿದ ಮೇಲೂ ಇದು ನಿಮ್ಮನ್ನು ಬಿಡುವುದಿಲ್ಲ. ಏರ್‌ಲೈನ್‌ಗಳು ಸಾಮಾನ್ಯವಾಗಿ ತಮ್ಮದೇ ಟ್ಯಾಬ್ಲೆಟ್ ಕೊಡುತ್ತವೆ, ಹಾಗಾಗಿ ಮುಂದಿನ ಕೆಲಸಕ್ಕೆ ಅಂತ ಈಗಲೇ ದುಬಾರಿ ಪ್ರೊ ಕೊಳ್ಳುವ ಅಗತ್ಯ ಇಲ್ಲ.

ಇನ್ನೊಂದು ವಿಷಯ. ಅಮೆರಿಕದಲ್ಲಿ ಪೈಲಟ್‌ಗಳು ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಂದೇಶ ಸಾಧನ ಇಟ್ಟುಕೊಳ್ಳುತ್ತಾರೆ. ಮರುಭೂಮಿಯಲ್ಲಿ ಅದು ಒಳ್ಳೆಯದೇ. ಆದರೆ ಮನೆಗೆ ಬರುವಾಗ ಅದನ್ನು ಬ್ಯಾಗಿಗೆ ಹಾಕಬೇಡಿ. ಅನುಮತಿ ಇಲ್ಲದೆ ಭಾರತಕ್ಕೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಜನರನ್ನು ತಡೆದು ಕೇಸು ಹಾಕಿದ್ದಾರೆ. ಅರಿಜೋನದಲ್ಲೇ ಯಾರಾದರೂ ಜೂನಿಯರ್‌ಗೆ ಮಾರಿಬಿಡಿ.